ಚಕ್ರದ ಭಾಯಿಯ ಕೆಂಪು ಕಾರು

ಭಾಯಿ ಒಂದು ಕಡೆ ಕೂತದ್ದನ್ನು ನಾನು ನೋಡಿದ್ದು ಮರ ಕಡೆಯುವ ಲೇತ್ ಮುಂದೆ ಮಾತ್ರ. ಅಲ್ಲಿಯೂ ಸೊಂಟದಿಂದ ಮೇಲಷ್ಟೇ ಕೂತಿರುತ್ತಿದ್ದರು, ಮೊಣಕಾಲುಗಳು ಕುಣಿಯುತ್ತಲೇ ಇರುತ್ತಿದ್ದವು. ಟೀಯನ್ನು ನಿಂತೇ ಕುಡಿಯುತ್ತಿದ್ದರು, ಅದೂ ನಿಂತಲ್ಲಿ ನಿಲ್ಲದೆ. ಒಂದು ಗುಟುಕು ನನ್ನ ಗ್ಯಾರೇಜಿನ ಬಾಗಿಲಲ್ಲಿ, ಇನ್ನೊಂದು ರಸ್ತೆ ಪಕ್ಕದ ಬೇವಿನ ಮರದಡಿ, ಕೊನೆಯದು ತಮ್ಮ ಶೆಡ್ಡಿನ ಹೊಸಿಲ ಮೇಲೆ. ಆಮೇಲೆ ಲೋಟ ಎಲ್ಲಿಟ್ಟೆ ಅಂತ ಹುಡುಕಾಟ. “ಈ ಭಾಯಿಗೆ ಲೋಟಕ್ಕೆ ದಾರ ಕಟ್ಟಿ ಕೊರಳಿಗೆ ಹಾಕ್ಬೇಕು ಕಣ್ರೀ” ಅಂತ ನನ್ನ ಹೆಂಡತಿ ಬೈದುಕೊಂಡೇ ಬೇವಿನ ಬುಡದಿಂದ ಲೋಟ ಎತ್ತಿಕೊಂಡು ಬರುತ್ತಿದ್ದಳು.

ಅವರ ಹೆಸರನ್ನು ಇಲ್ಲಿ ಬರೆದರೂ ಚನ್ನಪಟ್ಟಣದಲ್ಲಿ ಹೆಚ್ಚಿನವರಿಗೆ ಗುರುತು ಹತ್ತಲಿಕ್ಕಿಲ್ಲ. ಊರಿಗೆಲ್ಲ ಅವರು ಚಕ್ರದ ಭಾಯಿ. ನಮ್ಮಲ್ಲಿ ಒಂದು ಗೊಂಬೆ ಒಬ್ಬರ ಕೈಯಲ್ಲೇ ಆಗುವುದು ಕಡಿಮೆ. ಮೈ ಒಬ್ಬರು ಕಡೆದರೆ ತಲೆ ಇನ್ನೊಬ್ಬರು, ಕಣ್ಣು ಮೂಗು ಬರೆಯುವವರು ಮತ್ತೊಬ್ಬರು. ಭಾಯಿಯದು ಚಕ್ರ. ಎಳೆಯುವ ಬಾತುಕೋಳಿಗೆ, ರೈಲಿಗೆ, ಎತ್ತಿನ ಗಾಡಿಗೆ, ಎಲ್ಲದಕ್ಕೂ ಚಕ್ರ. ಹದಿಹರೆಯದಲ್ಲಿ ಹಿಡಿದ ಉಳಿ, ಗಡ್ಡ ಪೂರ್ತಿ ಬೆಳ್ಳಗಾದರೂ ಅದೇ ಚಕ್ರ. ಅವರ ಶೆಡ್ಡು, ನನ್ನ ಗ್ಯಾರೇಜು ಒಂದೇ ಗೋಡೆಯ ಆಚೆ ಈಚೆ. ಅವರ ಲೇತಿನ ಗುಂಯ್ ಸದ್ದು ನಿಂತರೆ ನನಗೆ ಊಟದ ಹೊತ್ತು ಆಯಿತು ಅಂತ ಲೆಕ್ಕ.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಚಕ್ರ ಕಡೆದು, ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿ, ಒಣ ತಾಳೆಗರಿಯಿಂದ ಉಜ್ಜಿ ಮಿರುಗು ತಂದ ಮೇಲೆ ಉಳಿಯ ತುದಿಯಿಂದ ಅದರ ಚೂಪು ಅಂಚನ್ನು ಹಗುರವಾಗಿ ಮುರಿದು ದುಂಡಗೆ ಮಾಡುವರು. ಲೇತ್ ನಿಲ್ಲಿಸಿ ಆ ಚಕ್ರವನ್ನು ಕೆಳತುಟಿಯ ಮೇಲೆ ಒಮ್ಮೆ ಎಳೆದು ನೋಡುವರು. ಮೊದಲ ಸಲ ನೋಡಿದಾಗ ನಾನು ಪೀಪಿ ಊದುತ್ತಿದ್ದಾರೆ ಅಂದುಕೊಂಡು ನಕ್ಕಿದ್ದೆ.

“ನಗ್ಬ್ಯಾಡಿ ಗೌಡ್ರೆ. ನಮ್ ಬೆರಳು ಸತ್ತೋಗವೆ, ಉಳಿ ಹಿಡ್ದು ಹಿಡ್ದು. ಅದ್ಕೇನೂ ಗೊತ್ತಾಗಕಿಲ್ಲ. ಮಗು ಆಟದ ಸಾಮಾನ್ನ ಮೊದ್ಲು ಎಲ್ಲಿಗಾಕ್ಕೊಂತದೆ? ಬಾಯ್ಗೆ. ಅದ್ಕೇ ಬಾಯಲ್ಲೇ ನೋಡ್ಬೇಕು” ಅಂದರು.

ಹಿಂದೆ ಹಳಬರೆಲ್ಲ ಹಾಗೆ ನೋಡುತ್ತಿದ್ದರಂತೆ. ಈಗ ಮರಳುಕಾಗದದಿಂದ ಒಂದು ಸಲ ಉಜ್ಜಿ ಚೀಲಕ್ಕೆ ಎಸೆಯುತ್ತಾರೆ. ತುಟಿಗೆ ಇಟ್ಟು ನೋಡುವವರಲ್ಲಿ ಭಾಯಿಯೇ ಕೊನೆಯವರು.

ಇನ್ನು ಕಾರಿನ ವಿಷಯ. ಒಂದು ಬೆಳಿಗ್ಗೆ ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದ ಹಿರಿಯರೊಬ್ಬರು ಇಂಜಿನ್ ಕಾದು ಹಬೆ ಬಂತೆಂದು ಹೊಸ ರಸ್ತೆ ಬಿಟ್ಟು ನಮ್ಮ ಹಳೇ ರಸ್ತೆಗೆ ಇಳಿದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಅಮೆರಿಕದ ಹಳೇ ಮಸಲ್ ಕಾರು, ಭಾರಿ ಇಂಜಿನ್ನಿನದು. ಕೆಂಪಂದರೆ ಕೆಂಪು. ಎರಡೇ ಬಾಗಿಲು, ಉದ್ದನೆ ಬಾನೆಟ್ಟು, ಅದರ ಮೇಲೆ ಉದ್ದಕ್ಕೂ ಎರಡು ಕಪ್ಪು ಪಟ್ಟಿ. ಅದು ಗುರುಗುಟ್ಟಿದರೆ ಎದುರಿನ ಗೊಂಬೆ ಅಂಗಡಿಯ ಗಾಜು ನಡುಗುತ್ತಿತ್ತು. ನಾನು ರೇಡಿಯೇಟರ್ ನೋಡುತ್ತಿರುವಾಗ ಭಾಯಿ ಅದರ ಸುತ್ತ ಪ್ರದಕ್ಷಿಣೆ ಹಾಕಿದರು, ಬಗ್ಗಿದರು, ಕೊನೆಗೆ ಬಿಳಿ ಪೈಜಾಮದಲ್ಲೇ ನೆಲದ ಮೇಲೆ ಮಲಗಿ ಅಡಿಗೆ ತಲೆ ತೂರಿಸಿದರು.

ಕಾರಿನ ಯಜಮಾನರು ಹೊತ್ತು ಕಳೆಯಲು ಎದುರಿನ ಗೊಂಬೆ ಅಂಗಡಿಗೆ ಹೋಗಿದ್ದರು. ವಾಪಸು ಬರುವಾಗ ಅಂಗಡಿ ಸಾವ್ಕಾರರೂ ಜೊತೆಗೆ ಬಂದರು. “ಇದೇ ಕಾರನ್ನು ಮರದಲ್ಲಿ, ಒಂದು ಸ್ಕ್ರೂನೂ ಬಿಡದ ಹಾಗೆ ಮಾಡಿಕೊಡೋರು ಯಾರಾದ್ರೂ ಇದಾರಾ ಇಲ್ಲಿ?” ಅಂತ ಯಜಮಾನರು ಕೇಳಿದರು. ಸಾವ್ಕಾರರು ಯಾರ ಯಾರದೋ ಹೆಸರು ನೆನಪು ಮಾಡಿಕೊಳ್ಳುತ್ತಿದ್ದರು. ಕಾರಿನಡಿಯಿಂದ ದನಿ ಬಂತು: “ನಾನ್ ಮಾಡ್ತೀನಿ.”

ಸಾವ್ಕಾರರು ನಕ್ಕುಬಿಟ್ಟರು. “ಇವ್ರು ಚಕ್ರದೋರು ಸಾರ್. ಚಕ್ರ ಬೇಕಂದ್ರೆ ಇವರನ್ ಬುಟ್ರೆ ಇನ್ನೊಬ್ರಿಲ್ಲ. ಆದ್ರೆ ಪೂರ್ತಿ ಗೊಂಬೆ ಅಂತ ಒಂದು ಇವ್ರ ಕೈಲಿ ಇದುವರ್ಗೂ ಆಗಿಲ್ಲ.”

ಅವರು ಕೆಟ್ಟವರಲ್ಲ. ಅವರ ತಂದೆಯೂ ಲೇತ್ ಮೇಲೆ ಕೂತು ದುಡಿದವರು, ಇವರೂ ಚಿಕ್ಕಂದಿನಲ್ಲಿ ಉಳಿ ಹಿಡಿದವರೇ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದಕ್ಕೇ ಅದು ನಾಟಿತು. ಭಾಯಿ ಕಾರಿನಡಿಯಿಂದ ಹೊರಗೆ ಬಂದು ಎದ್ದು ನಿಂತರು. ಮೈ ಕೈ ಅಲುಗಾಡಲಿಲ್ಲ. ಅವರು ಹಾಗೆ ನಿಂತದ್ದನ್ನು ನೋಡಿ ನನಗೇ ಗಾಬರಿಯಾಯಿತು.

“ಪೂರ್ತಿ ಮಾಡ್ತೀನಿ” ಅಂದರು. “ಒಬ್ನೇ ಮಾಡ್ತೀನಿ.”

ಯಜಮಾನರು ಸಜ್ಜನರು. ಅವಸರವಿಲ್ಲ, ನಿಧಾನಕ್ಕೆ ಮಾಡಿ ಅಂದರು. ಬಾನೆಟ್ಟು, ಡಿಕ್ಕಿ, ಬಾಗಿಲು ಎಲ್ಲ ತೆಗೆಸಿ ಫೋಟೋ ಹೊಡೆದು ನನ್ನ ಫೋನಿಗೆ ಕಳಿಸಿದರು. ಭಾಯಿ ಗೇಣು ಹಾಕಿ, ದಾರ ಹಿಡಿದು ಅಳತೆ ತೆಗೆದುಕೊಂಡರು.

ಅವತ್ತಿನಿಂದ ಶುರುವಾಯಿತು ನೋಡಿ ನನ್ನ ಗೋಳು. ನಾನು ಯಾವುದೋ ವ್ಯಾನಿನ ಕೆಳಗೆ ಮಲಗಿ ಮುಖಕ್ಕೆ ಆಯಿಲ್ ಸುರಿಸಿಕೊಳ್ಳುತ್ತಿದ್ದರೆ ಇವರು ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕುಣಿಯುತ್ತ, “ಗೌಡ್ರೆ, ಈ ಫೋಟೋದಲ್ಲಿ ಈ ಪೈಪು ಬಗ್ಗೋಗೈತಲ್ಲ, ಅದು ಆಮ್ಯಾಕೆ ಎಲ್ಲಿಗೋಯ್ತದೆ?” ಅಂತ ಕೇಳುವರು.

“ಎಲ್ಲಿಗಾದ್ರೂ ಹೋಗ್ಲಿ ಬುಡಿ ಭಾಯಿ, ಯಾರ್ ನೋಡ್ತಾರೆ ಅದನ್ನ?”

“ನಾನ್ ನೋಡಿವ್ನಲ್ಲ.”

ಹೇಳದೆ ಬಿಡುತ್ತಿರಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ. ಸ್ಪ್ಯಾನರ್ ಎಸೆದದ್ದೂ ಉಂಟು. ಅವರು ಅದನ್ನು ಎತ್ತಿ ತಂದು ಕೈಗೆ ಕೊಟ್ಟು ಮತ್ತೆ ಅದೇ ಪೈಪಿನ ವಿಷಯ ಕೇಳುತ್ತಿದ್ದರು.

ಊರೂರು ತಿರುಗಿದರು. ಒಂದು ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಸಿಕ್ಕಿದ ಬಸ್ಸು ಹತ್ತುವರು. ಸ್ಪಾರ್ಕ್ ಪ್ಲಗ್ಗಿನ ವೈರಿಗೆ ರಾಮನಗರದಲ್ಲಿ ನೂಲು ಬಿಚ್ಚುವ ನೆಂಟರ ಮನೆಯಿಂದ ರೇಷ್ಮೆ ಎಳೆ ತಂದು ಹುರಿ ಮಾಡಿದರು. ಸೀಟಿಗೆ ತೆಳು ಚರ್ಮ ಮಾಗಡಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರ ಹತ್ತಿರ. ಫ್ಯಾನಿನ ಹಲ್ಲುಗಾಲಿಗೆ ಕನಕಪುರದ ಗಡಿಯಾರ ರಿಪೇರಿಯವನ ಗುಜರಿ ಡಬ್ಬಿ. ಬಂಪರ್ ಬೆಳ್ಳಗೆ ಹೊಳೆಯಬೇಕಲ್ಲ, ಅದಕ್ಕೆ ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಹಾಳೆಯ ಬೆಳ್ಳಿ ಕಾಗದ ಬಿಡಿಸಿ ಅಂಟಿಸಿದರು. ಬೆಳ್ಳಿ ಕಾಗದ ಸಾಲದೆ ಬಂದಾಗ, ಒಸಿ ಜಾಸ್ತಿ ಮಾತ್ರೆ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ ಬೈಸಿಕೊಂಡು ಬಂದರು.

ಮುಂದಿನ ಗಾಜಿನದು ಇನ್ನೂ ಚೆಂದ. ಎದೆ ನೋವೆಂದು ಆಸ್ಪತ್ರೆಗೆ ಹೋದವರಿಗೆ ಎಕ್ಸ್‌ರೇ ತೆಗೆದು ಕೊಟ್ಟಿದ್ದರು. ಅದನ್ನು ಮನೆಗೆ ತಂದು ಬ್ಲೀಚಿಂಗ್ ನೀರಲ್ಲಿ ನೆನೆಹಾಕಿ ತೊಳೆದು, ಕತ್ತರಿಸಿ ಗಾಜು ಮಾಡಿಬಿಟ್ಟರು. ಭಾಬಿ, ಅಂದರೆ ಅವರ ಹೆಂಡತಿ, ನನ್ನ ಗ್ಯಾರೇಜಿಗೇ ಬಂದು ದೂರು ಕೊಟ್ಟರು. “ನೋಡಿ ಅಣ್ಣ, ಡಾಕ್ಟ್ರು ನಾಳೆ ಎಕ್ಸ್‌ರೇ ತಗೊಂಬನ್ನಿ ಅಂದವ್ರೆ. ನಾನು ಕಾರ್ ತಗೊಂಡೋಗಿ ತೋರಿಸ್ಲಾ?” ಭಾಯಿ ಗೋಡೆಯ ಆಚೆಯಿಂದ, “ಎದೆ ಒಳ್ಗೆ ಐತಲ್ಲ, ಎಲ್ಲೋಯ್ತದೆ?” ಅಂತ ಕೂಗಿದರು. ನಾವು ಮೂವರೂ ನಕ್ಕೆವು. ಇವತ್ತು ಆ ನಗುವನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬಣ್ಣದ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವೇ ಆಯಿತು. ನಾನು ಸ್ಪ್ರೇ ಹೊಡೆದುಕೊಡುತ್ತೇನೆ, ಒಂದು ಮಧ್ಯಾಹ್ನದ ಕೆಲಸ ಅಂದೆ. ಅವರು ಕೇಳಲಿಲ್ಲ. ಚನ್ನಪಟ್ಟಣದ ಗೊಂಬೆ ಅಂದಮೇಲೆ ಅರಗೇ ಆಗಬೇಕು. ಆದರೆ ಅರಗು ಹಿಡಿಯುವುದು ಲೇತ್ ಮೇಲೆ ತಿರುಗುವ ಮರಕ್ಕೆ, ಆ ತಿರುಗುವ ಬಿಸಿಗೆ. ಕಾರು ತಿರುಗುತ್ತದೆಯೇ? ಉದ್ದಕ್ಕೆ, ಚಪ್ಪಟೆಗೆ ಇರುವ ಬಾನೆಟ್ಟಿಗೆ ಅರಗು ಒತ್ತುವುದು ಹೇಗೆ? ಎಷ್ಟೋ ದಿನ ಶೆಡ್ಡಿಗೂ ಬೇವಿನ ಮರಕ್ಕೂ ಓಡಾಡಿದರು. ಲೋಟಗಳು ಎಲ್ಲೆಲ್ಲೋ ಸಿಕ್ಕವು.

ಕೊನೆಗೊಂದು ದಿನ ಗೊಂಬೆಗೆ ಬಳಸುವ ಹಾಲೆ ಮರದ ಬಿಂದಿಗೆ ಗಾತ್ರದ ದಿಮ್ಮಿಯನ್ನು ಲೇತಿಗೆ ಏರಿಸಿ ಡೋಲಿನ ಹಾಗೆ ದುಂಡಗೆ ಕಡೆದರು. ಅದಕ್ಕೆ ಕೆಂಪು ಅರಗು ಹಿಡಿಸಿ, ಮಧ್ಯದಲ್ಲಿ ಬಳೆ ತೊಡಿಸಿದಂತೆ ಎರಡು ಕಪ್ಪು ಪಟ್ಟಿ ಹಾಕಿದರು. ಆಮೇಲೆ ಸಣ್ಣ ಗರಗಸದಿಂದ ಅದರ ಮೈಯಿಂದ ಒಂದೇ ಒಂದು ಹೋಳು ಕೊಯ್ದರು. ಕೈಯಲ್ಲಿ ಹಿಡಿದು ತಂದು ತೋರಿಸಿದಾಗ ನಾನು ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡೆ. ಸ್ವಲ್ಪವೇ ಬಾಗಿದ ಕೆಂಪು ಬಾನೆಟ್ಟು, ಉದ್ದಕ್ಕೂ ಎರಡು ಕಪ್ಪು ಗೆರೆ. ಹಾಗೆಯೇ ಒಂದು ಬಾಗಿಲಿಗೆ ಒಂದು ಡೋಲು, ಟಾಪಿಗೆ ಒಂದು, ಡಿಕ್ಕಿಗೆ ಇನ್ನೊಂದು. ಮಿಕ್ಕದ್ದೆಲ್ಲ ಭಾಬಿಯ ಒಲೆಗೆ. ಅವರ ಮನೆಯ ಬಿಸಿನೀರಿನ ಹಂಡೆ ಅರಗಿನ ವಾಸನೆಯಲ್ಲೇ ಕಾಯುತ್ತಿತ್ತು.

ಎಡಗಡೆ ಬಾಗಿಲು ಮಳೆಗಾಲದಲ್ಲಿ ಮಾಡಿದ್ದು, ಬಣ್ಣ ಒಂದು ಕೂದಲಷ್ಟು ಕಪ್ಪಾಗಿತ್ತು. ಬಣ್ಣ ಹೊಂದಿಸುವುದು ನನ್ನ ಕಸುಬು, ಕಣ್ಣಿಗೆ ಬಿದ್ದದ್ದನ್ನು ಹೇಳಿದೆ. ಭಾಯಿ ಅದನ್ನು ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, “ಹೌದು ಕಣ್ರೀ” ಅಂದವರೇ ಕಿತ್ತು ಹಾಕಿ ಇನ್ನೊಂದು ದಿಮ್ಮಿ ಹುಡುಕಲು ರಾಮನಗರದ ಹತ್ತಿರದ ಕೈಲಾಂಚದ ಕಡೆ ಬಸ್ಸು ಹತ್ತಿದರು.

ಎದುರಿನ ಸಾವ್ಕಾರರು ಆಗಾಗ ಅಂಗಡಿ ಮೆಟ್ಟಿಲಿಂದಲೇ ಕೇಳುವರು, “ಏನ್ ಭಾಯಿ, ಕಾರು ಎಲ್ಲಿಗ್ ಬಂತು? ಚಕ್ರ ಆಯ್ತಾ?” ಭಾಯಿ ಲೇತ್ ಚಾಲೂ ಮಾಡಿಬಿಡುವರು. ಚಕ್ರವನ್ನು ಕೊನೆಗೆ ಇಟ್ಟುಕೊಂಡಿದ್ದರು. ಅದು ಎಡಗೈ ಕೆಲಸ ಅಂತ ನಾನೂ ಅಂದುಕೊಂಡಿದ್ದೆ, ಅವರೂ ಅಂದುಕೊಂಡಿದ್ದರು.

ಆಗಲಿಲ್ಲ. ಅಷ್ಟೆಲ್ಲ ಮಾಡಿದವರಿಗೆ ಚಕ್ರ ಆಗಲಿಲ್ಲ.

ನಾನು ಒಂದು ಹಳೇ ಟೈರನ್ನು ಉರುಳಿಸಿ ತಂದು ತೋರಿಸಿದ್ದೆ. “ನೋಡಿ ಭಾಯಿ, ಟೈರಿನ ಭುಜ ಹಿಂಗೆ ಕಡಿದಂಗಿರ್ತದೆ. ನೆಟ್ಟಗೆ. ಚೂಪಾಗಿ.” ಅವರು ಹಾಗೆಯೇ ಕಡೆಯುವರು. ಎಲ್ಲ ಸರಿ ಬರುವುದು. ಲೇತ್ ನಿಲ್ಲಿಸುವ ಮುಂಚೆ, ಅವರಿಗೇ ತಿಳಿಯದ ಹಾಗೆ, ಕೈ ಹೋಗಿ ಉಳಿಯ ತುದಿಯಿಂದ ಅಂಚು ಮುರಿದುಬಿಡುವುದು. ಚಕ್ರ ತುಟಿಗೆ ಬಂದ ಮೇಲೇ ಅವರಿಗೆ ಎಚ್ಚರ. ಥತ್ ಅಂತ ಚೀಲಕ್ಕೆ ಎಸೆದು ಮತ್ತೊಂದು ತುಂಡು ಏರಿಸುವರು, ಮತ್ತದೇ ಆಗುವುದು. ಒಂದು ದಿನ ನೋಡಿದರೆ ಮೂಗಿನ ಕೆಳಗೆ ಕರವಸ್ತ್ರ ಬಿಗಿದು ಕಟ್ಟಿಕೊಂಡು ಕೂತಿದ್ದಾರೆ. ತುಟಿ ಸಿಗದಿದ್ದರೆ ಕೈ ಸುಮ್ಮನಿರುತ್ತದೆ ಅಂತ ಲೆಕ್ಕವಂತೆ! ಕೈ ಕರವಸ್ತ್ರದ ಮೇಲೇ ಎಳೆದು ನೋಡಿತು.

“ಕೈ ಮಾತೇ ಕೇಳ್ತಿಲ್ಲ ಗೌಡ್ರೆ” ಅಂದರು. ಕಣ್ಣಲ್ಲಿ ನೀರಿತ್ತು. “ಆ ಸಾವ್ಕಾರ್ರು ಹೇಳಿದ್ದೇ ನಿಜ ಆಯ್ತು. ನಾನು ಗೊಂಬೆ ಚಕ್ರದೋನೇ.”

“ಬುಡಿ ಭಾಯಿ. ಬ್ಯಾರೆ ಯಾರ ಕೈಲಾದ್ರೂ ನಾಲ್ಕು ಚಕ್ರ ಮಾಡ್ಸಾಕ್ರಿ.”

“ಆಗ ಪೂರ್ತಿ ನನ್ದು ಹೆಂಗಾಯ್ತದೆ?” ಅಂತ ಕೇಳಿ ಎದ್ದು ಬೇವಿನ ಮರದ ಕಡೆ ನಡೆದರು.

ಸ್ವಲ್ಪ ದಿನ ಕಳೆದು ಒಂದು ಮಧ್ಯಾಹ್ನ ಭಾಬಿ ನನ್ನ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತರು. ಅವರ ಬಾಯಿಂದ ಬಂದದ್ದು ಒಂದೇ ಮಾತು: “ಅಣ್ಣ, ಅವ್ರು ಕೂತ್ಕೊಂಡವ್ರೆ.”

ಬೇರೆ ಯಾರ ವಿಷಯದಲ್ಲಾದರೂ ಅದು ಹೇಳುವಂಥ ಸುದ್ದಿಯಲ್ಲ. ನಾನು ಕೈಯಲ್ಲಿದ್ದದ್ದನ್ನು ಬಿಸಾಕಿ ಓಡಿದೆ. ಶೆಡ್ಡಿನ ಹೊರಗಿನ ಕಲ್ಲು ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೊಣಕಾಲು ಎರಡೂ ಸುಮ್ಮನಿದ್ದವು. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಪ್ರಯೋಜನವಾಗಲಿಲ್ಲ. ಮಾರನೆ ದಿನ ಮಣ್ಣು ಹಾಕಿ ಬಂದ ಮೇಲೂ ಗೋಡೆಯ ಆಚೆಯಿಂದ ಲೇತಿನ ಸದ್ದು ಬರುತ್ತದೇನೋ ಅಂತ ಕಾಯುತ್ತಿದ್ದೆ. ಈಗ ನನಗೂ ಒಂದು ಕಡೆ ಕೂರಲು ಆಗುತ್ತಿಲ್ಲ.

ಭಾಬಿ ಕಾರನ್ನೂ ಚೀಲವನ್ನೂ ತಂದು ಕೊಟ್ಟರು. ಮೊಳಕ್ಕೆ ಒಸಿ ಕಮ್ಮಿ ಉದ್ದದ ಕಾರು. ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಅಚ್ಚು ತಿರುಗುತ್ತದೆ, ಬೆರಳು ಸೋಕಿದರೆ ಫ್ಯಾನ್ ತಿರುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಉಗುರಿನಷ್ಟು ಆಶ್‌ಟ್ರೇ ಹೊರಗೆ ಬರುತ್ತದೆ. ಆ ಪೈಪು ಕೂಡ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿತ್ತು. ಚಕ್ರವಿಲ್ಲದ ಕಾರುಗಳನ್ನು ನಾನು ಇಟ್ಟಿಗೆ ಮೇಲೆ ನಿಲ್ಲಿಸುತ್ತೇನಲ್ಲ, ಹಾಗೆ ಇದನ್ನೂ ನಾಲ್ಕು ಮರದ ಚೂರಿನ ಮೇಲೆ ನಿಲ್ಲಿಸಿದ್ದರು. ಚೀಲದ ತುಂಬ ಅವರು ಎಸೆದ ಚಕ್ರಗಳು. “ಟೈರಿನ ಇಷ್ಯ ನಿಮ್ಗೇ ಗೊತ್ತು. ಆ ದೊಡ್ಡೋರ್ಗೆ ಮುಟ್ಟಿಸ್ಬುಡಿ ಅಣ್ಣ” ಅಂದರು.

ನಾನು ಯಜಮಾನರಿಗೆ ಫೋನ್ ಮಾಡಿದೆ. ಚಕ್ರವಿಲ್ಲದೆ ಕೊಡಲು ಮನಸ್ಸು ಒಪ್ಪದೆ ಇನ್ನೊಬ್ಬ ಕಸುಬುದಾರನಿಂದ ನಾಲ್ಕು ಚಕ್ರ ಮಾಡಿಸಿ ಹಾಕಿದೆ. ಕಡಿದಂತೆ ನೇರ ಅಂಚು, ಥೇಟ್ ಟೈರು. ನೋಡಲು ಏನೂ ಕೊರತೆ ಇರಲಿಲ್ಲ.

ಹೋದ ಭಾನುವಾರ ಯಜಮಾನರು ಅದೇ ಕೆಂಪು ಕಾರಿನಲ್ಲಿ ಬಂದರು. ದೊಡ್ಡದರ ಬಾನೆಟ್ಟಿನ ಮೇಲೆ ಒಂದು ಬಟ್ಟೆ ಹಾಸಿ ಚಿಕ್ಕದನ್ನು ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ಎದುರಿನ ಸಾವ್ಕಾರರೂ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಬಂದು ನಿಂತರು. ಅವರೇ ಚಿಕ್ಕದರ ಬಾಗಿಲು ತೆಗೆದರು, ಇಂಜಿನ್ ನೋಡಿದರು, ತಲೆ ಅಲ್ಲಾಡಿಸಿದರು.

“ಗೌಡ್ರೆ, ಇದು ಭಾಯಿ ಮಾಡಿದ್ದಲ್ಲ” ಅಂದರು.

“ಮತ್ಯಾರು ಮಾಡಿದ್ದು?”

“ಸತ್ತೋರ ಬಗ್ಗೆ ಕೆಟ್ಟದ್ ಆಡ್ತಿಲ್ಲ ನಾನು. ಆದ್ರೆ ಮಾಗಡಿ, ಕನಕಪುರ, ರಾಮನಗರ ಅಂತ ಚೀಲ ತಗಲಾಕ್ಕೊಂಡು ಸುತ್ತಿದ್ದು ಸುಮ್ನೇನಾ? ಅಲ್ಲೊಂದು ಇಲ್ಲೊಂದು ಬಿಡಿಬಿಡಿಯಾಗಿ ಮಾಡ್ಸವ್ರೆ. ಚಕ್ರನೂ ಅವ್ರದಲ್ಲ ಇದ್ರಲ್ಲಿ, ನೋಡಿದ್ರೆ ತಿಳಿಯಕಿಲ್ವಾ?”

ಯಜಮಾನರು ನನ್ನ ಮುಖ ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ಕಟಿಂಗ್ ಪ್ಲೇಯರ್ ಮತ್ತು ಆ ಚೀಲ ತಂದೆ. ಅವರಿಬ್ಬರ ಕಣ್ಣೆದುರಿಗೇ ಆ ಚೆಂದದ ನಾಲ್ಕು ಚಕ್ರಗಳನ್ನು ಕಿತ್ತು ಹಾಕಿ, ಚೀಲದಿಂದ ಒಂದೇ ಅಳತೆಯ ನಾಲ್ಕನ್ನು ಆರಿಸಿ ಅಚ್ಚಿಗೆ ಕೂರಿಸಿದೆ. ಇನ್ನೊಂದನ್ನು ಸಾವ್ಕಾರರ ಕೈಗಿಟ್ಟೆ. “ಇದು ಯಾರ್ದು ಹೇಳಿ.”

ಅವರು ಚಕ್ರವನ್ನು ಹೊರಳಿಸಿ ನೋಡಿದರು. ಆಮೇಲೆ, ಎಷ್ಟೋ ವರ್ಷದ ಹಿಂದೆ ತಮ್ಮ ತಂದೆಯ ಪಕ್ಕ ಕೂತು ಕಲಿತದ್ದು ಕೈಯಲ್ಲೇ ಉಳಿದಿತ್ತೇನೋ, ಅದನ್ನು ಕೆಳತುಟಿಯ ಮೇಲೆ ಎಳೆದರು. “ಚಕ್ರ ಅವ್ರದೇ” ಅಂದರು ಮೆತ್ತಗೆ.

ಅಲ್ಲಿಗೇ ನಿಲ್ಲಿಸಲಿಲ್ಲ. ಕಾರನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಬಾಗಿಲು ತೆಗೆದು ಅದರ ಒಳ ಅಂಚನ್ನು ತುಟಿಗೆ ತಂದರು. ಬಾನೆಟ್ಟು ಎತ್ತಿ ಅದರ ಮೂಲೆ. ಡಿಕ್ಕಿಯ ಮುಚ್ಚಳ. ಯಾರ ಕಣ್ಣಿಗೂ ಬೀಳದ ಸೀಟಿನ ಹಿಂಬದಿ. ಕಿರುಬೆರಳಿನ ಉಗುರಿನಿಂದ ಆ ಆಶ್‌ಟ್ರೇ ಎಳೆದು ಅದನ್ನೂ. ನಾನು ಬೆರಗಾಗಿ ನೋಡುತ್ತಿದ್ದೆ. ತಗಡಿನ ಜೊತೆ ಬದುಕುವವನು ನಾನು, ಕಾರಿನ ಅಂಚು ಅಂದರೆ ಕೈ ಕೊಯ್ಯುತ್ತದೆ. ಈ ಕಾರನ್ನು ಅಷ್ಟು ದಿನ ಎತ್ತಿ ಇಳಿಸಿದರೂ ನನಗೆ ಎಲ್ಲೂ ಒಂದು ಗೀರು ಆಗಿರಲಿಲ್ಲ, ಅದು ನನ್ನ ತಲೆಗೇ ಹೋಗಿರಲಿಲ್ಲ. ಭಾಯಿ ಅದರ ಮೂಲೆ ಮೂಲೆಯನ್ನೂ ಮಗುವಿನ ಬಾಯಿಗೆಂದೇ ಮುರಿದಿಟ್ಟಿದ್ದರು. ಎಲ್ಲ ಕಡೆಯೂ ಕೈ ಅದನ್ನೇ ಮಾಡಿತ್ತು, ಅವರು ಸಿಟ್ಟಾಗಿದ್ದು ಚಕ್ರದ ಮೇಲೆ ಮಾತ್ರ.

ಸಾವ್ಕಾರರು ನಡುರಸ್ತೆಯಲ್ಲಿ, ಬಿಳಿ ಶರ್ಟಿಗೆ ಕೆಂಪು ಕಾರನ್ನು ಒತ್ತಿಕೊಂಡು ನಿಂತಿದ್ದರು. ಆಮೇಲೆ ಯಜಮಾನರ ಕಡೆ ತಿರುಗಿದರು.

“ಅವ್ರದೇ ಸಾರ್” ಅಂದರು. “ಪೂರ್ತಿ ಅವ್ರದೇ.”

ಸಂಜೆ ಯಜಮಾನರು ಮನೆ ಮುಟ್ಟಿದ ಮೇಲೆ ಫೋನ್ ಮಾಡಿದರು. ಚಿಕ್ಕ ಕಾರನ್ನು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಹೊರಟಿದ್ದರಂತೆ. “ದಾರಿ ಉದ್ದಕ್ಕೂ ಅದನ್ನ ಹಿಡಿಯೋದೇ ಆಯ್ತು ರೀ. ಬ್ರೇಕ್ ಹಾಕಿದ್ರೆ ಮುಂದೆ ಓಡತ್ತೆ, ಬಿಟ್ಟರೆ ಹಿಂದೆ. ಬಿಡದಿ ಹತ್ರ ನಿಲ್ಲಿಸಿ ಟವೆಲ್ ಸುತ್ತಿದೆ, ಆದರೂ ಒಂದು ಕಡೆ ನಿಲ್ಲಲಿಲ್ಲ.”

“ಅವರು ಹಂಗೇ ಸಾರ್” ಅಂದೆ.